ಹೌದು, ಇಲ್ಲ ಎಂಬ ಎರಡು ಚೌಕಗಳ ನಡುವೆ

ಕಂಪ್ಯೂಟರ್ ದಾಳಿ, ಮಾಹಿತಿ ಕಳವಿನ ನಷ್ಟಕ್ಕೆ ಮಾಡಿಸುವ ಸೈಬರ್ ವಿಮೆಯ ಮಾತು ಬಂದಾಗಲೆಲ್ಲ ಜನ ಕೇಳುವುದು ಎರಡೇ ಪ್ರಶ್ನೆ: ಎಷ್ಟು ಮೊತ್ತಕ್ಕೆ ಮಾಡಿಸಿದಿರಿ, ಕಂತು ಎಷ್ಟು ಬಂತು. ಅರ್ಜಿಯಲ್ಲಿ ಏನೇನು ಬರೆದುಕೊಟ್ಟಿರಿ ಎಂದು ಕೇಳಿದವರನ್ನು ನಾನು ಕಂಡಿಲ್ಲ. ಸಣ್ಣ ಮತ್ತು ಮಧ್ಯಮ ಗಾತ್ರದ ಸಂಸ್ಥೆಗಳ ಲೆಕ್ಕ, ಒಪ್ಪಂದ, ವಿಮೆಯ ಕಾಗದಪತ್ರಗಳನ್ನು ನೋಡಿಕೊಡುವುದು ನನ್ನ ಕೆಲಸವಾದ್ದರಿಂದ ಈ ಅರ್ಜಿ ನನ್ನ ಮೇಜಿಗೆ ಆಗಾಗ ಬರುತ್ತದೆ. ಮೊದಲೆಲ್ಲ ಎರಡು ಮೂರು ಪುಟಗಳಲ್ಲಿ ಮುಗಿಯುತ್ತಿದ್ದದ್ದು ಈಗ ಪುಟ್ಟ ಪುಸ್ತಕವೇ ಆಗಿದೆ. ಹೊರಗಿನಿಂದ ಸಂಸ್ಥೆಯ ಜಾಲಕ್ಕೆ ಬರುವ ಎಲ್ಲರಿಗೂ ಪಾಸ್‌ವರ್ಡ್ ಜೊತೆಗೆ ಎರಡನೆಯ ಹಂತದ ದೃಢೀಕರಣ ಇದೆಯೇ? ಬ್ಯಾಕಪ್‌ನ ಒಂದು ಪ್ರತಿಯನ್ನಾದರೂ ಜಾಲದಿಂದ ಬೇರ್ಪಡಿಸಿ ಇಟ್ಟಿದ್ದೀರಾ? ಅದರಿಂದ ಮಾಹಿತಿಯನ್ನು ಮರಳಿ ತೆಗೆದು ಪರೀಕ್ಷಿಸಿದ್ದೀರಾ? ಕೆಲಸ ಬಿಟ್ಟವರ ಖಾತೆಗಳನ್ನು ಕೂಡಲೇ ಮುಚ್ಚುತ್ತೀರಾ? ಪ್ರತಿ ಪ್ರಶ್ನೆಯ ಮುಂದೆಯೂ ಎರಡು ಚಿಕ್ಕ ಚೌಕಗಳು. ಒಂದು ಹೌದು, ಇನ್ನೊಂದು ಇಲ್ಲ.

ಬಹಳ ದಿನಗಳಿಂದ ನನ್ನನ್ನು ಕಾಡುತ್ತಿರುವುದು ಈ ಚೌಕಗಳೇ. ನಾನು ನೋಡಿದ ಯಾವ ಸಂಸ್ಥೆಯ ಸ್ಥಿತಿಯೂ ಅವುಗಳೊಳಗೆ ಸರಿಯಾಗಿ ಕೂರುವುದಿಲ್ಲ. ಇಮೇಲ್‌ಗೆ ಎರಡನೆಯ ಹಂತ ಇದೆ, ಹಳೆಯ ಸರ್ವರ್‌ಗೆ ಇಲ್ಲ. ನೌಕರರೆಲ್ಲರಿಗೂ ಇದೆ, ನಿರ್ದೇಶಕರೊಬ್ಬರಿಗೆ ಕಿರಿಕಿರಿಯಾಯಿತೆಂದು ಅವರಿಗೆ ಮಾತ್ರ ತೆಗೆದಿದ್ದಾರೆ. ಬ್ಯಾಕಪ್ ದಿನವೂ ಆಗುತ್ತದೆ, ಆದರೆ ಅದರಿಂದ ಒಂದು ಕಡತವನ್ನಾದರೂ ತೆಗೆದು ನೋಡಿದವರಿಲ್ಲ. ಇಂಥ ಉತ್ತರ ಬರೆಯಲು ಅರ್ಜಿಯಲ್ಲಿ ಜಾಗವಿಲ್ಲ. ಹಾಗಾಗಿ ಎಲ್ಲವೂ ಹೌದು ಎಂಬ ಕಡೆಗೇ ವಾಲುತ್ತದೆ. ಸಹಿ ಹಾಕುವವರು ಸಂಸ್ಥೆಯ ಮುಖ್ಯಸ್ಥರು. ನಿಜಸ್ಥಿತಿ ಗೊತ್ತಿರುವವನು ಕಂಪ್ಯೂಟರ್ ನೋಡಿಕೊಳ್ಳುವ ಹುಡುಗ. ಇವರಿಬ್ಬರೂ ಒಂದೇ ಮೇಜಿನ ಮುಂದೆ ಕುಳಿತು ಅರ್ಜಿ ತುಂಬಿದ್ದನ್ನು ನೋಡಿದ್ದು ಅಪರೂಪ. ಮುಂದೆ ಕ್ಲೇಮ್ ಎಲ್ಲಿ ಸಿಕ್ಕಿಬೀಳುತ್ತದೆ ಎಂಬುದು ಎಷ್ಟೋ ಸಲ ಅರ್ಜಿ ತುಂಬುವ ದಿನವೇ ತೀರ್ಮಾನವಾಗಿರುತ್ತದೆ.

2022ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಫೆಡರಲ್ ನ್ಯಾಯಾಲಯಕ್ಕೆ ಹೋದ ಒಂದು ವ್ಯಾಜ್ಯವನ್ನು ನಾನು ಪ್ರತಿಯೊಬ್ಬ ಕಕ್ಷಿದಾರರಿಗೂ ಹೇಳುತ್ತೇನೆ. ಇಂಟರ್‌ನ್ಯಾಷನಲ್ ಕಂಟ್ರೋಲ್ ಸರ್ವಿಸಸ್ ಎಂಬ ಎಲೆಕ್ಟ್ರಾನಿಕ್ಸ್ ತಯಾರಿಕಾ ಸಂಸ್ಥೆ ಟ್ರಾವೆಲರ್ಸ್ ಎಂಬ ವಿಮಾ ಕಂಪನಿಯಿಂದ ಸೈಬರ್ ಪಾಲಿಸಿ ಪಡೆದಿತ್ತು. ಬಹುಹಂತದ ದೃಢೀಕರಣ ಇದೆ ಎಂದು ಅರ್ಜಿಯಲ್ಲಿ ಹೇಳಿತ್ತು, ಮುಖ್ಯಸ್ಥರ ಸಹಿಯೂ ಇತ್ತು. ಪಾಲಿಸಿ ಚಾಲನೆಗೆ ಬಂದ ಕೆಲವೇ ವಾರಗಳಲ್ಲಿ, ಕಡತಗಳಿಗೆ ಬೀಗ ಹಾಕಿ ಬಿಡಿಸಲು ಹಣ ಕೇಳುವ ರ್‍ಯಾನ್ಸಮ್‌ವೇರ್ ದಾಳಿಯಾಯಿತು. ತನಿಖೆ ಮಾಡಿದಾಗ ಆ ರಕ್ಷಣೆ ಜಾಲದ ಹೆಬ್ಬಾಗಿಲು ಕಾಯುವ ಫೈರ್‌ವಾಲ್‌ಗೆ ಮಾತ್ರ ಇತ್ತು, ದಾಳಿಗೊಳಗಾದ ಸರ್ವರ್ ಸೇರಿದಂತೆ ಉಳಿದೆಡೆ ಇರಲಿಲ್ಲ ಎಂದು ವಿಮಾ ಕಂಪನಿ ಹೇಳಿತು. ಕ್ಲೇಮನ್ನು ತಿರಸ್ಕರಿಸಿ ಅದು ಸುಮ್ಮನಾಗಲಿಲ್ಲ. ಪಾಲಿಸಿಯನ್ನೇ ಆರಂಭದಿಂದ ರದ್ದು ಮಾಡಬೇಕೆಂದು ನ್ಯಾಯಾಲಯಕ್ಕೆ ಹೋಯಿತು. ಸ್ವಲ್ಪ ಸಮಯದಲ್ಲೇ ಎರಡೂ ಕಡೆಯವರು ರದ್ದತಿಗೆ ಒಪ್ಪಿಕೊಂಡರು. ಕ್ಲೇಮ್ ತಿರಸ್ಕಾರವಾದರೆ ಆ ಒಂದು ನಷ್ಟ ನಮ್ಮ ತಲೆಯ ಮೇಲೆ ಬರುತ್ತದೆ. ಪಾಲಿಸಿಯೇ ರದ್ದಾದರೆ ಗ್ರಾಹಕರು ಹೂಡಬಹುದಾದ ದಾವೆ, ನಿಯಂತ್ರಕರ ವಿಚಾರಣೆ, ವಕೀಲರ ಶುಲ್ಕ, ಯಾವುದಕ್ಕೂ ಬೆಂಬಲವಿಲ್ಲ. ಆ ಸಂಸ್ಥೆಯವರು ಬೇಕೆಂದೇ ಸುಳ್ಳು ಹೇಳಿದರು ಎಂದು ನಾನು ಹೇಳಲಾರೆ. ಫೈರ್‌ವಾಲ್‌ಗೆ ಇದ್ದದ್ದೂ ನಿಜವೇ. ಅಲ್ಲಲ್ಲಿ ಇರುವುದನ್ನು ಇದೆ ಎಂದುಬಿಡುವ ಅಭ್ಯಾಸ ನಾನು ಕೆಲಸ ಮಾಡಿಕೊಡುವ ಕಚೇರಿಗಳಲ್ಲೂ ಬೇಕಾದಷ್ಟಿದೆ.

ಯಂತ್ರ ಕೊಟ್ಟವರ ಪಾಸ್‌ವರ್ಡ್

ಒಂದು ರೋಗನಿರ್ಣಯ ಪ್ರಯೋಗಾಲಯದ ಪಾಲಿಸಿ ನವೀಕರಣಕ್ಕೆ ಬಂದಿತ್ತು. ಮುಖ್ಯಸ್ಥೆ ವೈದ್ಯೆ, ಎಲ್ಲವನ್ನೂ ತಾವೇ ಓದಿ ಸಹಿ ಹಾಕುವವರು. ಅವತ್ತು ನನ್ನ ಒತ್ತಾಯಕ್ಕೆ ಕಂಪ್ಯೂಟರ್ ನೋಡಿಕೊಳ್ಳುವ ಹುಡುಗನನ್ನೂ ಕರೆಸಿ ಪಕ್ಕದಲ್ಲಿ ಕೂರಿಸಿಕೊಂಡಿದ್ದರು. ಹೊರಗಿನಿಂದ ಬರುವವರ ದೃಢೀಕರಣದ ಪ್ರಶ್ನೆ ಬಂದಾಗ ಡಾಕ್ಟರ್ ಪೆನ್ನನ್ನು ಹೌದು ಎಂಬ ಚೌಕದ ಹತ್ತಿರ ತಂದು, "ಇದನ್ನು ಹೋದ ವರ್ಷವೇ ಮಾಡಿದೆವಲ್ಲ?" ಎಂದರು. ಹುಡುಗ ತಲೆಯಾಡಿಸಿದ. ಆಮೇಲೆ, "ಇಮೇಲ್‌ಗೆ ಮಾಡಿದೆವು ಮೇಡಂ. ಸರ್ವರ್‌ಗೆ ಹೊರಗಿನಿಂದ ಬರುವವನು ನಾನೊಬ್ಬನೇ," ಎಂದ. ಪೆನ್ನು ಅಲ್ಲೇ ನಿಂತಿತು. ಸ್ವಲ್ಪ ಹೊತ್ತಿನ ನಂತರ ಅವನೇ, "ಮತ್ತೆ ಯಂತ್ರ ಕೊಟ್ಟ ಕಂಪನಿಯವರು," ಎಂದು ಸೇರಿಸಿದ.

ಆ ಎರಡನೆಯ ಮಾತು ಬರದೆ ಹೋಗಿದ್ದರೆ ಏನಾಗುತ್ತಿತ್ತು ಎಂದು ನಾನು ಈಗಲೂ ಯೋಚಿಸುತ್ತೇನೆ. ರಕ್ತ ಪರೀಕ್ಷೆಯ ದೊಡ್ಡ ಯಂತ್ರವನ್ನು ಒದಗಿಸಿದ ಕಂಪನಿಯ ತಂತ್ರಜ್ಞರು ದುರಸ್ತಿಗೆಂದು ದೂರದಿಂದಲೇ ಸರ್ವರ್‌ಗೆ ಬಂದುಹೋಗುತ್ತಿದ್ದರು. ಅವರಿಗೆಲ್ಲ ಸೇರಿ ಇದ್ದದ್ದು ಒಂದೇ ಖಾತೆ, ಒಂದೇ ಪಾಸ್‌ವರ್ಡ್. ಯಂತ್ರ ಬಂದ ದಿನ ಇಟ್ಟದ್ದನ್ನು ಯಾರೂ ಬದಲಾಯಿಸಿರಲಿಲ್ಲ. ಆ ಪಾಸ್‌ವರ್ಡ್ ಎಷ್ಟು ಜನರಿಗೆ ಗೊತ್ತು, ಅವರಲ್ಲಿ ಎಷ್ಟು ಮಂದಿ ಇನ್ನೂ ಅಲ್ಲಿ ಕೆಲಸದಲ್ಲಿದ್ದಾರೆ ಎಂಬುದು ಪ್ರಯೋಗಾಲಯದಲ್ಲಿ ಯಾರಿಗೂ ತಿಳಿದಿರಲಿಲ್ಲ. 2013ರಲ್ಲಿ ಅಮೆರಿಕದ ಟಾರ್ಗೆಟ್ ಮಳಿಗೆಗಳಿಂದ ಸುಮಾರು 4 ಕೋಟಿ ಕಾರ್ಡ್‌ಗಳ ವಿವರ ಕದ್ದವರು ಒಳಗೆ ಬಂದದ್ದೂ ಇಂಥದೇ ಬಾಗಿಲಿನಿಂದ. ಅದು ಶೈತ್ಯೀಕರಣ ವ್ಯವಸ್ಥೆ ನೋಡಿಕೊಳ್ಳುತ್ತಿದ್ದ ಗುತ್ತಿಗೆದಾರ ಸಂಸ್ಥೆಯ ಲಾಗಿನ್. ಆ ಘಟನೆಗೆ ತಗಲಿದ ವೆಚ್ಚ 29.2 ಕೋಟಿ ಡಾಲರ್ ಎಂದು ಟಾರ್ಗೆಟ್ ಲೆಕ್ಕ ಕೊಟ್ಟಿತು. ವಿಮೆಯಿಂದ ಬಂದದ್ದು ಸುಮಾರು 9 ಕೋಟಿ.

ಡಾಕ್ಟರ್ ವಿಮಾ ಬ್ರೋಕರ್‌ಗೆ ಫೋನ್ ಮಾಡಿದರು. ಆತ ಒಳ್ಳೆಯ ಮನುಷ್ಯ, ಸಹಾಯ ಮಾಡುವ ಉದ್ದೇಶದಿಂದಲೇ, "ಈಗ ಹೌದು ಎಂದು ಹಾಕಿಬಿಡಿ ಮೇಡಂ, ಒಂದು ತಿಂಗಳಲ್ಲಿ ಸರಿಮಾಡಿಕೊಳ್ಳಿ. ಇಲ್ಲ ಎಂದು ಹಾಕಿದರೆ ಕಂಪನಿಯವರು ಪಾಲಿಸಿ ಕೊಡುವುದೇ ಇಲ್ಲ," ಎಂದರು. ಡಾಕ್ಟರ್ ನನ್ನ ಮುಖ ನೋಡಿದರು. ಇಲ್ಲ ಎಂದೇ ಹಾಕಿ, ಜೊತೆಗೆ ಒಂದು ಹಾಳೆ ಲಗತ್ತಿಸಿ ಇರುವ ಸ್ಥಿತಿಯನ್ನು ಇದ್ದಂತೆ ಬರೆಯೋಣ ಎಂದೆ. ಯಾವುದಕ್ಕೆ ರಕ್ಷಣೆ ಇದೆ, ಯಾವುದಕ್ಕೆ ಇಲ್ಲ, ಎಂದಿನೊಳಗೆ ಸರಿಮಾಡುತ್ತೇವೆ ಎಂದು ಆ ಹಾಳೆಯಲ್ಲಿ ಬರೆದೆವು. ವಿಮಾ ಕಂಪನಿಯಿಂದ ಉತ್ತರ ಬರಲು ಒಂದಷ್ಟು ದಿನ ಹಿಡಿಯಿತು. ಬಂದಾಗ ಪಾಲಿಸಿ ಸಿಕ್ಕಿತ್ತು. ಕಂತು ಸ್ವಲ್ಪ ಏರಿತ್ತು, ಸುಲಿಗೆಕೋರರು ಕೇಳುವ ಹಣಕ್ಕೆ ಸಿಗುವ ಪರಿಹಾರದ ಮಿತಿ ತಗ್ಗಿತ್ತು, ಎರಡು ತಿಂಗಳೊಳಗೆ ಹೊರಗಿನವರ ಖಾತೆಗಳನ್ನು ಸರಿಪಡಿಸಿ ತಿಳಿಸಬೇಕೆಂಬ ಷರತ್ತು ಇತ್ತು. ಹುಡುಗ ಮೂರನೆಯ ದಿನವೇ ಯಂತ್ರದ ಕಂಪನಿಯವರ ಖಾತೆ ಮುಚ್ಚಿ, ಬೇಕಾದಾಗ ಮಾತ್ರ ತೆರೆಯುವ ವ್ಯವಸ್ಥೆ ಮಾಡಿದ. ಪ್ರಾಮಾಣಿಕವಾಗಿ ಇಲ್ಲ ಎಂದು ಬರೆದರೆ ಎಲ್ಲರಿಗೂ ಹೀಗೆಯೇ ಪಾಲಿಸಿ ಸಿಗುತ್ತದೆ ಎಂದು ನಾನು ಮಾತು ಕೊಡಲಾರೆ. ಆದರೆ ಆ ಹಾಳೆ ಕಡತದಲ್ಲಿ ಇರುವವರೆಗೆ, ನೀವು ಮುಚ್ಚಿಟ್ಟಿರಿ ಎಂದು ಆ ಪ್ರಯೋಗಾಲಯಕ್ಕೆ ಯಾರೂ ಹೇಳಲಾರರು.

ಕೋಟೆಯ ಕಥೆ

ವಿಮೆ ಪಡೆಯುವವನು ತನಗೆ ಗೊತ್ತಿರುವುದನ್ನು ಮುಚ್ಚಿಡದೆ ಹೇಳಬೇಕು ಎಂಬ ನಿಯಮ ಕಂಪ್ಯೂಟರ್‌ಗಿಂತ ಬಹಳ ಹಳೆಯದು. ಅದರ ಬೇರನ್ನು ಹುಡುಕುತ್ತ ಹೋದರೆ 1766ರ ಇಂಗ್ಲೆಂಡಿನ ಒಂದು ತೀರ್ಪು ಸಿಗುತ್ತದೆ. ಕಾಕತಾಳೀಯವೋ ಏನೋ, ಅದೂ ದಾಳಿಯೊಂದರ ವಿಮೆಯೇ. ಸುಮಾತ್ರಾದ ಬೆಂಕೂಲೆನ್‌ನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮಾರ್ಲ್‌ಬರೋ ಕೋಟೆ ಇತ್ತು. ಅದರ ಗವರ್ನರ್ ಕಾರ್ಟರ್, ಯುರೋಪಿನ ಶತ್ರುಗಳು ಕೋಟೆಯನ್ನು ಹಿಡಿದರೆ ತನಗಾಗುವ ನಷ್ಟಕ್ಕೆ ವಿಮೆ ಮಾಡಿಸಿದ್ದ. ಫ್ರೆಂಚರು 1760ರಲ್ಲಿ ಕೋಟೆ ಹಿಡಿದರು. ಕೋಟೆ ದುರ್ಬಲವಾಗಿತ್ತು, ಶತ್ರುಗಳು ಬರುವ ಸಂಭವವಿತ್ತು, ಇವೆರಡನ್ನೂ ಕಾರ್ಟರ್ ಹೇಳಲಿಲ್ಲ ಎಂದು ವಿಮೆ ಕೊಟ್ಟ ಬೋಮ್ ಹಣ ಕೊಡಲು ನಿರಾಕರಿಸಿದ. ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ ವಿವರಿಸಿದ ತತ್ವ ಇಂದಿಗೂ ವಿಮಾ ಕಾನೂನಿನ ಅಡಿಪಾಯ: ಅಪಾಯದ ವಿವರಗಳೆಲ್ಲ ಇರುವುದು ವಿಮೆ ಮಾಡಿಸುವವನ ಬಳಿ, ಕೊಡುವವನು ಅವನ ಮಾತನ್ನು ನಂಬಿ ಮುಂದುವರಿಯುತ್ತಾನೆ, ಆದ್ದರಿಂದ ಮುಚ್ಚಿಟ್ಟರೆ ಒಪ್ಪಂದ ನಿಲ್ಲುವುದಿಲ್ಲ.

ಈ ತೀರ್ಪಿನ ಬಗ್ಗೆ ಬಹಳ ಜನ ಅಷ್ಟಕ್ಕೇ ನಿಲ್ಲಿಸುತ್ತಾರೆ. ನನಗೆ ಮುಖ್ಯವೆನಿಸುವುದು ಅದರ ಮುಂದಿನ ಭಾಗ. ಗೆದ್ದವನು ಕಾರ್ಟರ್! ಗಡಿಯಾಚೆಯ ಕೋಟೆಯೊಂದಕ್ಕೆ, ಯುದ್ಧದ ಕಾಲದಲ್ಲಿ, ಗವರ್ನರನೇ ವಿಮೆ ಕೇಳುತ್ತಿದ್ದಾನೆಂದರೆ ಅಪಾಯ ಎಂಥದ್ದೆಂದು ವಿಮೆ ಕೊಡುವವನು ತಾನೇ ಊಹಿಸಬಹುದಿತ್ತು, ವಿಚಾರಿಸಬಹುದಿತ್ತು ಎಂದು ನ್ಯಾಯಾಲಯ ಹೇಳಿತು. ತಿಳಿದುಕೊಳ್ಳುವ ಹೊಣೆ ಆ ಕಡೆಗೂ ಇದೆ. ಸೈಬರ್ ಅರ್ಜಿಗಳು ಇಷ್ಟು ಉದ್ದವಾದದ್ದರಲ್ಲಿ ಇದರ ನೆರಳೂ ಇದೆ: ಎಲ್ಲವನ್ನೂ ಕೇಳಿಬಿಟ್ಟರೆ ಕೇಳಲಿಲ್ಲ ಎಂಬ ಮಾತು ಬರುವುದಿಲ್ಲ. ಆದರೆ ಎರಡು ಚೌಕ ಕೊಟ್ಟು, ಮೂರನೆಯ ಉತ್ತರಕ್ಕೆ ಒಂದು ಗೆರೆಯಷ್ಟು ಜಾಗವನ್ನೂ ಬಿಡದೆ ಕೇಳುವುದನ್ನು ನಿಜವಾಗಿ ಕೇಳಿದಂತೆ ಎಂದು ನಾನು ಒಪ್ಪುವುದಿಲ್ಲ. ಕೆಲವು ಕಂಪನಿಗಳು ಈಗ ಅರ್ಜಿ ತೆಗೆದುಕೊಳ್ಳುವ ಮೊದಲು ಹೊರಗಿನಿಂದ ಸಂಸ್ಥೆಯ ಜಾಲವನ್ನು ತಾವೇ ಸ್ಕ್ಯಾನ್ ಮಾಡಿ, ಇಂಥ ಬಾಗಿಲು ತೆರೆದಿದೆ, ಮೊದಲು ಮುಚ್ಚಿ ಎನ್ನುತ್ತವೆ. ಇದು ಸರಿಯಾದ ದಾರಿ.

ಯಾವ ಪಾಲಿಸಿ, ಯಾವ ನಷ್ಟ

ಸೈಬರ್ ಪಾಲಿಸಿಯಲ್ಲಿ ಎರಡು ಭಾಗ ಇರುತ್ತವೆ. ಸಂಸ್ಥೆಯ ಸ್ವಂತ ಖರ್ಚು ಒಂದು: ತನಿಖೆ, ಮಾಹಿತಿ ಮರುಸ್ಥಾಪನೆ, ಗ್ರಾಹಕರಿಗೆ ತಿಳಿಸುವುದು, ಕೆಲಸ ನಿಂತದ್ದರಿಂದ ಆದ ನಷ್ಟ. ಇತರರಿಗೆ ಆದ ಹಾನಿಗೆ ಸಂಸ್ಥೆ ಹೊರಬೇಕಾದ ಹೊಣೆ ಇನ್ನೊಂದು. ಇದನ್ನು ಬ್ರೋಕರ್‌ಗಳು ಚೆನ್ನಾಗಿಯೇ ವಿವರಿಸುತ್ತಾರೆ, ಹಾಗಾಗಿ ನಾನು ಅಲ್ಲಿ ನಿಲ್ಲುವುದಿಲ್ಲ. ಅವರು ಅವಸರದಲ್ಲಿ ದಾಟಿಹೋಗುವ ಎರಡು ಜಾಗಗಳಿವೆ.

ಮೊದಲನೆಯದು, ನಮ್ಮಲ್ಲಿ ಸಾಮಾನ್ಯ ಹೊಣೆಗಾರಿಕೆಯ ಪಾಲಿಸಿ ಇದೆ, ಅದು ಸಾಕು ಎಂಬ ಧೈರ್ಯ. 2011ರಲ್ಲಿ ಸೋನಿಯ ಪ್ಲೇಸ್ಟೇಷನ್ ಜಾಲಕ್ಕೆ ಹ್ಯಾಕರ್‌ಗಳು ನುಗ್ಗಿದಾಗ ಸುಮಾರು 7.7 ಕೋಟಿ ಖಾತೆಗಳು ಅಪಾಯಕ್ಕೆ ಸಿಲುಕಿದವು. ಖಾಸಗಿ ಮಾಹಿತಿ ಪ್ರಕಟವಾದರೆ ರಕ್ಷಣೆ ಉಂಟು ಎಂಬ ಅಂಶ ಅದರ ಸಾಮಾನ್ಯ ಪಾಲಿಸಿಯಲ್ಲಿ ಇತ್ತು. 2014ರಲ್ಲಿ ನ್ಯೂಯಾರ್ಕ್‌ನ ವಿಚಾರಣಾ ನ್ಯಾಯಾಲಯ, ಪ್ರಕಟಿಸಿದವರು ಹ್ಯಾಕರ್‌ಗಳು, ಪಾಲಿಸಿ ರಕ್ಷಣೆ ಕೊಡುವುದು ಸೋನಿ ತಾನೇ ಪ್ರಕಟಿಸಿದರೆ ಮಾತ್ರ ಎಂದು ವಿಮಾ ಕಂಪನಿಯ ಪರ ತೀರ್ಪು ಕೊಟ್ಟಿತು. ಮೇಲ್ಮನವಿ ತೀರ್ಮಾನವಾಗುವ ಮೊದಲೇ 2015ರಲ್ಲಿ ರಾಜಿಯಾಯಿತು. ಅಷ್ಟರಲ್ಲಿ ಸಾಮಾನ್ಯ ಪಾಲಿಸಿಗಳಿಂದ ಮಾಹಿತಿ ಸೋರಿಕೆಯನ್ನು ನೇರವಾಗಿ ಹೊರಗಿಡುವ ವಾಕ್ಯಗಳು ಬರತೊಡಗಿದ್ದವು.

ಎರಡನೆಯದು ಇನ್ನೂ ಕಷ್ಟದ್ದು, ಏಕೆಂದರೆ ಅದು ಸೈಬರ್ ಪಾಲಿಸಿ ಇದ್ದವರಿಗೇ ಆದದ್ದು. ಪಿ.ಎಫ್. ಚಾಂಗ್ಸ್ ಎಂಬ ರೆಸ್ಟೋರೆಂಟ್ ಸರಣಿಯಿಂದ 2014ರಲ್ಲಿ ಸುಮಾರು 60,000 ಕಾರ್ಡ್‌ಗಳ ವಿವರ ಕಳವಾಯಿತು. ವಿಮಾ ಕಂಪನಿ ತನಿಖೆ, ದಾವೆ ಇತ್ಯಾದಿಗೆ ಸುಮಾರು 17 ಲಕ್ಷ ಡಾಲರ್ ಕೊಟ್ಟಿತು. ಆದರೆ ಕಾರ್ಡ್ ಜಾಲದವರು, ರೆಸ್ಟೋರೆಂಟ್‌ನ ಕಾರ್ಡ್ ಪಾವತಿ ನೋಡಿಕೊಳ್ಳುತ್ತಿದ್ದ ಬ್ಯಾಂಕಿನ ಮೇಲೆ ಹೇರಿದ ದಂಡ ಮತ್ತು ಶುಲ್ಕ ಒಪ್ಪಂದದ ಪ್ರಕಾರ ಈ ಸಂಸ್ಥೆಯ ಮೇಲೆ ಬಂದು ಬಿತ್ತು. ಆ ಸುಮಾರು 19 ಲಕ್ಷ ಡಾಲರನ್ನು ವಿಮಾ ಕಂಪನಿ ಕೊಡಲಿಲ್ಲ. ಒಪ್ಪಂದದಲ್ಲಿ ತಾನಾಗಿ ಒಪ್ಪಿಕೊಂಡ ಹೊಣೆ ಪಾಲಿಸಿಯ ಹೊರಗಿನದು ಎಂಬ ವಾದವನ್ನು ಅರಿಜೋನಾದ ಫೆಡರಲ್ ನ್ಯಾಯಾಲಯ 2016ರಲ್ಲಿ ಎತ್ತಿಹಿಡಿಯಿತು. ಇಂದು ಸಣ್ಣ ಸಂಸ್ಥೆ ಕೂಡ ದೊಡ್ಡ ಗ್ರಾಹಕರೊಡನೆ ಸಹಿ ಹಾಕುವ ಒಪ್ಪಂದದಲ್ಲಿ, ನಿಮ್ಮಿಂದ ನಮ್ಮ ಮಾಹಿತಿ ಸೋರಿದರೆ ಸಕಲ ನಷ್ಟವನ್ನೂ ನೀವೇ ತುಂಬಿಕೊಡಬೇಕು ಎಂಬ ಸಾಲು ಇದ್ದೇ ಇರುತ್ತದೆ. ಆ ಒಪ್ಪಂದಗಳನ್ನೂ ಪಾಲಿಸಿಯನ್ನೂ ಒಂದೇ ದಿನ ಅಕ್ಕಪಕ್ಕ ಇಟ್ಟುಕೊಂಡು ಓದದಿದ್ದರೆ, ವಿಮೆ ಇದೆ ಎಂಬ ಮಾತಿಗೆ ನಾನು ಬೆಲೆ ಕೊಡುವುದಿಲ್ಲ.

ಮೊದಲ ದಿನ

ಇನ್ನೊಂದು ಸಂಸ್ಥೆ. ನೌಕರರ ಸಂಬಳದ ಲೆಕ್ಕವನ್ನು ಬೇರೆ ಬೇರೆ ಕಂಪನಿಗಳಿಗೆ ಮಾಡಿಕೊಡುವುದು ಅವರ ವ್ಯವಹಾರ. ರಜೆಯ ದಿನ ಬೆಳಗ್ಗೆ ಅಲ್ಲಿನ ವ್ಯವಸ್ಥಾಪಕರಿಂದ ಫೋನ್ ಬಂತು. "ಎಲ್ಲ ಕಡತಗಳ ಹೆಸರೂ ಬದಲಾಗಿದೆ ಸರ್. ಯಾವುದೂ ತೆರೆಯುತ್ತಿಲ್ಲ. ಪ್ರತಿ ಪರದೆಯ ಮೇಲೂ ಒಂದು ಪತ್ರ ಇದೆ." ಪಾಲಿಸಿ ಎಲ್ಲಿದೆ ಎಂದು ಕೇಳಿದೆ. ಅದೂ ಸರ್ವರ್‌ನಲ್ಲಿಯೇ ಇತ್ತು. ಇಪ್ಪತ್ತನಾಲ್ಕು ಗಂಟೆಯೂ ಕರೆ ಮಾಡಬಹುದಾದ ಸಹಾಯವಾಣಿಯ ಸಂಖ್ಯೆ ಆ ಪಾಲಿಸಿಯ ಮೊದಲ ಪುಟದಲ್ಲಿತ್ತು, ಆ ಪುಟ ಬೀಗದೊಳಗೆ ಸಿಕ್ಕಿಬಿದ್ದಿತ್ತು. ರಜೆಯಾದ್ದರಿಂದ ಬ್ರೋಕರ್ ಫೋನ್ ಎತ್ತಲಿಲ್ಲ.

ನಾನು ಅಲ್ಲಿಗೆ ಹೋಗುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಆ ವೇಳೆಗೆ ವ್ಯವಸ್ಥಾಪಕರು ಪರಿಚಯದ ತಂತ್ರಜ್ಞರೊಬ್ಬರನ್ನು ಕರೆಸಿದ್ದರು. ಆತ ಶ್ರದ್ಧೆಯ ಮನುಷ್ಯ. ಊಟವನ್ನೂ ಮಾಡದೆ ಒಂದೊಂದೇ ಕಂಪ್ಯೂಟರನ್ನು ಅಳಿಸಿ, ಹೊಸದಾಗಿ ತಂತ್ರಾಂಶ ಹಾಕಿ, ಹೊರಗಿನ ಡಿಸ್ಕ್‌ನಲ್ಲಿದ್ದ ಬ್ಯಾಕಪ್‌ನಿಂದ ಮಾಹಿತಿ ತುಂಬುತ್ತಿದ್ದರು. ತಿಂಗಳ ಕೊನೆ ಹತ್ತಿರವಿತ್ತು. ಸಂಬಳ ತಡವಾಗಬಾರದು ಎಂಬ ಒಂದೇ ಚಿಂತೆ ಆ ಕೋಣೆಯಲ್ಲಿದ್ದ ಎಲ್ಲರಿಗೂ. ಸಂಬಳ ತಡವಾಗಲಿಲ್ಲ. ಆದರೆ ಅಳಿಸಿದ ಕಂಪ್ಯೂಟರ್‌ಗಳ ಜೊತೆಗೆ, ಕಳ್ಳರು ಯಾವ ದಾರಿಯಿಂದ ಬಂದರು, ಎಷ್ಟು ದಿನ ಒಳಗಿದ್ದರು, ಯಾವ ಕಡತಗಳನ್ನು ಹೊರಗೆ ಸಾಗಿಸಿದರು ಎಂಬುದರ ಗುರುತುಗಳೂ ಅಳಿಸಿಹೋದವು. ನಂತರ ವಿಮಾ ಕಂಪನಿ ಕಳಿಸಿದ ಫೊರೆನ್ಸಿಕ್ ತಜ್ಞರು ಎರಡು ಯಂತ್ರಗಳಲ್ಲಿ ಉಳಿದಿದ್ದ, ಚಟುವಟಿಕೆಗಳನ್ನು ದಾಖಲಿಸುವ ಚೂರುಪಾರು ಲಾಗ್‌ಗಳನ್ನು ನೋಡಿ, ಏನು ಹೊರಹೋಯಿತೆಂದು ಖಚಿತವಾಗಿ ಹೇಳಲಾಗದು ಎಂದರು. ಹೇಳಲಾಗದಿದ್ದರೆ ಎಲ್ಲವೂ ಹೋಗಿದೆ ಎಂದೇ ಭಾವಿಸಿ ನಡೆಯಬೇಕಾಗುತ್ತದೆ. ನಿಮ್ಮ ಮಾಹಿತಿ ಸೋರಿರಬಹುದು ಎಂದು ಒಂದಿಷ್ಟು ಜನರಿಗೆ ಹೋಗಬಹುದಾಗಿದ್ದ ಪತ್ರ, ಅವರ ಬಳಿ ಲೆಕ್ಕವಿದ್ದ ಪ್ರತಿಯೊಬ್ಬ ನೌಕರನಿಗೂ ಹೋಯಿತು. ಆ ತಂತ್ರಜ್ಞರ ಬಿಲ್ಲನ್ನೂ ವಿಮಾ ಕಂಪನಿ ಒಪ್ಪಲಿಲ್ಲ, ಮುಂಚಿತವಾಗಿ ಅನುಮತಿ ಪಡೆದು ಅದರ ಪಟ್ಟಿಯಲ್ಲಿರುವವರನ್ನೇ ನೇಮಿಸಬೇಕು ಎಂಬ ಷರತ್ತು ಪಾಲಿಸಿಯಲ್ಲಿ ಇತ್ತು.

ಈ ಷರತ್ತು ಕೇಳಿದಾಗ ಮೊದಲು ಕೋಪ ಬರುತ್ತದೆ, ನನಗೂ ಬಂದಿತ್ತು. ಮನೆ ಉರಿಯುವಾಗ ಯಾರನ್ನು ಕರೆಯಬೇಕೆಂದು ಅನುಮತಿ ಕೇಳುತ್ತ ಕೂರಲಾಗುತ್ತದೆಯೇ? ಆದರೆ ಆ ಮಧ್ಯಾಹ್ನವನ್ನು ಕಣ್ಣಾರೆ ಕಂಡ ಮೇಲೆ, ಈ ಪಾಲಿಸಿಯಲ್ಲಿ ನಾವು ಹಣ ಕೊಟ್ಟು ಕೊಳ್ಳುವುದರಲ್ಲಿ ದೊಡ್ಡ ಪಾಲು ಆ ಸಹಾಯವಾಣಿಯ ಸಂಖ್ಯೆಯೇ ಎಂದು ನನಗೆ ಮನವರಿಕೆಯಾಗಿದೆ. ಕರೆ ಎತ್ತುವವರು ಇಂಥದ್ದನ್ನು ದಿನವೂ ನೋಡುವವರು. ಮೊದಲು ಜಾಲದಿಂದ ಬೇರ್ಪಡಿಸಿ, ಏನನ್ನೂ ಅಳಿಸಬೇಡಿ ಎಂದು ಅವರು ಹೇಳುತ್ತಾರೆ. ಆ ಒಂದು ಮಾತು ಬೆಳಗ್ಗೆಯೇ ಸಿಕ್ಕಿದ್ದರೆ ಸಾವಿರಾರು ಜನರಿಗೆ ಹೋದ ಆತಂಕದ ಪತ್ರ ಹೋಗುತ್ತಿರಲಿಲ್ಲವೇನೋ. ಯುರೋಪಿನ ವೈಯಕ್ತಿಕ ಮಾಹಿತಿ ರಕ್ಷಣೆಯ ಜಿಡಿಪಿಆರ್ ಕಾಯ್ದೆ ಜಾರಿಯಾದ 2018ರಿಂದ, ಸೋರಿಕೆ ಗೊತ್ತಾದ 72 ಗಂಟೆಯೊಳಗೆ ನಿಯಂತ್ರಕರಿಗೆ ತಿಳಿಸಬೇಕು ಎಂಬ ನಿಯಮ ಅಲ್ಲಿದೆ. ಬೇರೆ ಬೇರೆ ದೇಶಗಳಲ್ಲಿ ಇಂಥ ಗಡುವುಗಳಿವೆ. ಪಾಲಿಸಿ ಎಲ್ಲಿದೆ ಎಂದು ಹುಡುಕುವುದರಲ್ಲೇ ಅರ್ಧ ದಿನ ಹೋದರೆ ಆ ಗಡುವು ಕಾಯುವುದಿಲ್ಲ. ಅಂದಿನಿಂದ ನಾನು ಯಾವ ಸಂಸ್ಥೆಗೆ ಹೋದರೂ ಪಾಲಿಸಿಯ ಮೊದಲ ಪುಟವನ್ನು ಮುದ್ರಿಸಿ ಮೂವರ ಮನೆಯಲ್ಲಿ ಇರಿಸುತ್ತೇನೆ.

ಪಾಲಿಸಿಯ ಉಳಿದ ಪುಟಗಳನ್ನು ಜಾಲದಿಂದ ಹೊರಗಿಡಬೇಕೆನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಒಳಗೆ ಬಂದ ಸುಲಿಗೆಕೋರರು ಹುಡುಕುವ ಕಡತಗಳಲ್ಲಿ ವಿಮಾ ಪಾಲಿಸಿಯೂ ಒಂದು. ಹಾರ್ಡ್‌ಬಿಟ್ ಎಂಬ ಗುಂಪು ತನ್ನ ಬೇಡಿಕೆಯ ಪತ್ರದಲ್ಲೇ, ನಿಮ್ಮ ವಿಮೆಯ ಮೊತ್ತ ಎಷ್ಟೆಂದು ನಮಗೆ ಗುಟ್ಟಾಗಿ ಹೇಳಿ, ಅದಕ್ಕೆ ಹೊಂದುವಂತೆ ಕೇಳುತ್ತೇವೆ ಎಂದು ಬರೆಯುತ್ತಿದ್ದದ್ದು 2023ರಲ್ಲಿ ಬೆಳಕಿಗೆ ಬಂತು. ಆ ಮೊತ್ತ ತಿಳಿದವನ ಎದುರು ಚೌಕಾಸಿಗೆ ಏನೂ ಉಳಿಯುವುದಿಲ್ಲ. ಸುಲಿಗೆಯ ಹಣವನ್ನು ವಿಮೆ ಭರಿಸಬೇಕೇ ಎಂಬ ದೊಡ್ಡ ಚರ್ಚೆಯಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ: ಭರಿಸಬಾರದು. ಆಸ್ಪತ್ರೆಯಂಥ ಕಡೆ ಜೀವ ಹೋಗುವ ಸಂದರ್ಭ ಮಾತ್ರ ಬೇರೆ. ಒಬ್ಬರು ಕೊಟ್ಟ ಹಣ ಮುಂದಿನವರ ಮೇಲಿನ ದಾಳಿಯ ಬಂಡವಾಳವಾಗುತ್ತದೆ.

ಯುದ್ಧ ಎಂದರೆ ಯಾವುದು

ಪಾಲಿಸಿಯ ಕೊನೆಯ ಪುಟಗಳಲ್ಲಿ ಇರುವ ಯುದ್ಧದ ಷರತ್ತನ್ನು ಓದುವ ತಾಳ್ಮೆ ಸಣ್ಣ ಸಂಸ್ಥೆಗಳಿಗೆ ಇರುವುದಿಲ್ಲ. ನಮಗೂ ಯುದ್ಧಕ್ಕೂ ಏನು ಸಂಬಂಧ ಎನ್ನುತ್ತಾರೆ. 2017ರ ಜೂನ್ 27ರಂದು ಉಕ್ರೇನ್‌ನ ತೆರಿಗೆ ಲೆಕ್ಕದ ತಂತ್ರಾಂಶವೊಂದರ ಮೂಲಕ ಹೊರಟ ದುಷ್ಟ ತಂತ್ರಾಂಶ ನಾಟ್‌ಪೆಟ್ಯಾ ಕೆಲವೇ ಗಂಟೆಗಳಲ್ಲಿ ಲೋಕವಿಡೀ ಹರಡಿತು. ಔಷಧ ಕಂಪನಿ ಮರ್ಕ್ ಒಂದರಲ್ಲೇ ಸುಮಾರು 40,000 ಕಂಪ್ಯೂಟರ್‌ಗಳು ಕೆಟ್ಟವು, ನಷ್ಟ 140 ಕೋಟಿ ಡಾಲರ್ ಎಂದು ಅದು ಹೇಳಿತು. ಇದು ರಷ್ಯಾದ ಕೃತ್ಯ, ಆದ್ದರಿಂದ ಯುದ್ಧ ಎಂದು ಅದರ ಆಸ್ತಿ ವಿಮೆ ಕೊಟ್ಟ ಕಂಪನಿಗಳು ಹಣ ತಡೆದವು. ಆ ಷರತ್ತು ಸೇನೆಗಳ ನಡುವಿನ ಯುದ್ಧಕ್ಕೆ ಸಂಬಂಧಿಸಿದ್ದು ಎಂದು ನ್ಯೂಜೆರ್ಸಿಯ ನ್ಯಾಯಾಲಯ ಮರ್ಕ್ ಪರ ನಿಂತಿತು, 2023ರ ಮೇ ತಿಂಗಳಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ವಿಮಾ ಮಾರುಕಟ್ಟೆ ತೀರ್ಪಿಗಾಗಿ ಕಾಯುತ್ತ ಕೂರಲಿಲ್ಲ. ಲಂಡನ್ನಿನ ವಿಮಾ ಮಾರುಕಟ್ಟೆ ಲಾಯ್ಡ್ಸ್ 2022ರ ಆಗಸ್ಟ್‌ನಲ್ಲೇ ಸುತ್ತೋಲೆ ಹೊರಡಿಸಿ, 2023ರ ಮಾರ್ಚ್ 31ರಿಂದ ಆರಂಭವಾಗುವ ಅಥವಾ ನವೀಕರಣಗೊಳ್ಳುವ ಸೈಬರ್ ಪಾಲಿಸಿಗಳಲ್ಲಿ ಸರ್ಕಾರಗಳ ಬೆಂಬಲದ ದಾಳಿಗಳ ಬಗ್ಗೆ ಸ್ಪಷ್ಟವಾದ ಹೊರಗಿಡುವ ಷರತ್ತು ಇರಬೇಕೆಂದಿತು. ನಾಟ್‌ಪೆಟ್ಯಾಕ್ಕೆ ಸಿಕ್ಕವರಲ್ಲಿ ಹೆಚ್ಚಿನವರು ಯಾರ ಶತ್ರುಗಳೂ ಆಗಿರಲಿಲ್ಲ. ನಿಮ್ಮ ಷರತ್ತಿನಲ್ಲಿ ದಾಳಿ ಮಾಡಿದವರು ಯಾರೆಂದು ತೀರ್ಮಾನಿಸುವುದು ಹೇಗೆ, ಅದನ್ನು ಸಾಬೀತುಪಡಿಸುವ ಹೊಣೆ ಯಾರದ್ದು ಎಂದು ಬರೆದಿದೆಯೇ ನೋಡಿಕೊಳ್ಳಿ. ಪಾಲಿಸಿಯಿಂದ ಪಾಲಿಸಿಗೆ ಈ ಮಾತು ಬದಲಾಗುತ್ತದೆ.

ಪಾಲಿಸಿಯಲ್ಲಿ ಹೆಸರಿಲ್ಲದವರು

ಸಂಬಳದ ಸಂಸ್ಥೆಯಿಂದ ಪತ್ರ ಹೋದ ಮೇಲೆ ಬಂದ ಕರೆಗಳಲ್ಲಿ ಒಂದನ್ನು ನಾನೇ ತೆಗೆದುಕೊಂಡೆ. ಯಾವುದೋ ಕಾರ್ಖಾನೆಯ ನೌಕರರೊಬ್ಬರು. "ನನ್ನ ಬ್ಯಾಂಕ್ ಖಾತೆ, ಹೆಂಡತಿ ಮಕ್ಕಳ ಹೆಸರು, ಮನೆಯ ವಿಳಾಸ ಎಲ್ಲ ನಿಮ್ಮ ಹತ್ತಿರ ಇದ್ದವು ಎಂದೇ ನನಗೆ ಗೊತ್ತಿರಲಿಲ್ಲ ಸರ್. ನಾನು ನಿಮಗೆ ಕೊಟ್ಟಿಲ್ಲವಲ್ಲ," ಎಂದರು. ಅವರು ಜಗಳವಾಡಲಿಲ್ಲ, ನಿಜವಾಗಿಯೂ ಅರ್ಥವಾಗದೆ ಕೇಳುತ್ತಿದ್ದರು. ವಿಮೆಯಿಂದ ಅವರಿಗೆ ಕೊಡಲು ಇದ್ದದ್ದು ಒಂದು ವರ್ಷದ ಮಟ್ಟಿಗೆ, ಅವರ ಹೆಸರಿನಲ್ಲಿ ಬೇರೆಯವರು ಸಾಲ ಎತ್ತಿದರೆ ಎಚ್ಚರಿಸುವ ಸೇವೆ. ಪಾಲಿಸಿ ಇರುವುದು ಸಂಸ್ಥೆ ಮತ್ತು ವಿಮಾ ಕಂಪನಿಯ ನಡುವೆ. ಈತ ದಾವೆ ಹೂಡಿದರೆ ಮಾತ್ರ ಪಾಲಿಸಿಯ ಕಣ್ಣಿಗೆ ಬೀಳುತ್ತಾರೆ, ಅದೂ ಸಂಸ್ಥೆಯ ಹೊಣೆಯ ರೂಪದಲ್ಲಿ.

ಪಾಸ್‌ವರ್ಡ್ ಬದಲಾಯಿಸಬಹುದು, ಕಾರ್ಡ್ ಹೊಸದು ಪಡೆಯಬಹುದು. ಹುಟ್ಟಿದ ದಿನ, ಬೆರಳಚ್ಚು, ಕಾಯಿಲೆಯ ವರದಿ ಹೊರಬಿದ್ದರೆ ಏನು ಬದಲಾಯಿಸುವುದು? ಫಿನ್ಲೆಂಡಿನಲ್ಲಿ ವಸ್ತಾಮೊ ಎಂಬ ಮನೋಚಿಕಿತ್ಸಾ ಸಂಸ್ಥೆ ಇತ್ತು. ಸುಮಾರು 33,000 ರೋಗಿಗಳ ದಾಖಲೆಗಳು, ಚಿಕಿತ್ಸಕರ ಮುಂದೆ ಅವರು ಹೇಳಿಕೊಂಡ ಮಾತುಗಳ ಟಿಪ್ಪಣಿಗಳ ಸಮೇತ ಕಳವಾಗಿದ್ದವು. 2020ರ ಅಕ್ಟೋಬರ್‌ನಲ್ಲಿ ಸುಲಿಗೆಕೋರನು, ಸಂಸ್ಥೆಯಿಂದ ಹಣ ಬಾರದಿದ್ದಾಗ, ರೋಗಿಗಳಿಗೇ ಒಬ್ಬೊಬ್ಬರಾಗಿ ಇಮೇಲ್ ಕಳಿಸಿ, 200 ಯೂರೋ ಕೊಡಿ, ಇಲ್ಲವಾದರೆ ಪ್ರಕಟಿಸುತ್ತೇನೆ ಎಂದು ಬೆದರಿಸಿದ. ಕೆಲವು ತಿಂಗಳಲ್ಲಿ ಸಂಸ್ಥೆ ದಿವಾಳಿಯಾಯಿತು. ದಿವಾಳಿಯಾಗದೆ ಉಳಿಸುವುದು ವಿಮೆಗೆ ಸಾಧ್ಯವಿದ್ದೀತು. ಹೊರಬಿದ್ದ ಆ ಟಿಪ್ಪಣಿಗಳನ್ನು ಮರಳಿ ಒಳಗೆ ಇಡುವುದು ಯಾವ ಮೊತ್ತದ ಪಾಲಿಸಿಗೂ ಸಾಧ್ಯವಿರಲಿಲ್ಲ.

ಆದ್ದರಿಂದ ಅರ್ಜಿಯಲ್ಲಿರುವ ಪ್ರಶ್ನೆಗಳಲ್ಲಿ ಬಹಳ ಉಪಯುಕ್ತವಾದದ್ದು, ಜನ ಬಹಳ ಅಸಡ್ಡೆಯಿಂದ ತುಂಬುವುದು, ನನ್ನ ಲೆಕ್ಕದಲ್ಲಿ ಒಂದೇ: ನಿಮ್ಮ ಬಳಿ ಎಷ್ಟು ಜನರ ವೈಯಕ್ತಿಕ ಮಾಹಿತಿ ಇದೆ? ಕಂತು ನಿರ್ಧರಿಸುವುದಕ್ಕೆಂದು ಕಂಪನಿ ಇದನ್ನು ಕೇಳುತ್ತದೆ, ಸಂಸ್ಥೆಯವರು ಒಂದು ದುಂಡು ಅಂಕಿ ಬರೆಯುತ್ತಾರೆ. ಆ ಪ್ರಯೋಗಾಲಯದಲ್ಲಿ ಮುಂದಿನ ನವೀಕರಣದ ಹೊತ್ತಿಗೆ ಡಾಕ್ಟರ್ ಅದನ್ನು ನಿಜವಾಗಿಯೇ ಎಣಿಸಲು ಹೇಳಿದರು. ನೋಡಿದರೆ ಸಂಸ್ಥೆ ಆರಂಭವಾದಾಗಿನ ವರದಿಗಳೆಲ್ಲ ಇದ್ದವು. ಈಗಿಲ್ಲದ ಶಾಖೆಯೊಂದರ ನೋಂದಣಿ ಪುಸ್ತಕದ ಸ್ಕ್ಯಾನ್ ಪ್ರತಿಗಳಿದ್ದವು, ಯಾವಾಗಲೋ ತಂತ್ರಾಂಶ ಬದಲಾಯಿಸುವಾಗ ತೆಗೆದ ಪೂರ್ತಿ ನಕಲೂ ಒಂದಿತ್ತು. ಕಾನೂನಿನ ಪ್ರಕಾರ ಎಷ್ಟು ವರ್ಷ ಇಡಬೇಕೋ ಅಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ಅಳಿಸಲು ಹಲವು ವಾರಗಳು ಹಿಡಿದವು. ಯಂತ್ರ ಕೊಟ್ಟ ಕಂಪನಿಯ ಬಳಿಯೂ ಪರೀಕ್ಷೆಗೆಂದು ತೆಗೆದುಕೊಂಡ ಒಂದು ಪ್ರತಿ ಇದೆ ಎಂದು ಆಗಲೇ ಗೊತ್ತಾದದ್ದು. ಅದನ್ನು ಅಳಿಸಿದ್ದೇವೆ ಎಂದು ಬರೆದುಕೊಡಿ ಎಂದು ಡಾಕ್ಟರ್ ಕೇಳಿದ್ದಾರೆ. ಪತ್ರ ಇನ್ನೂ ಬಂದಿಲ್ಲ, ಪ್ರತಿ ವಾರ ಅವರು ತಪ್ಪದೆ ನೆನಪಿಸುತ್ತಿದ್ದಾರೆ. ಈ ಸಲದ ಕಂತು ಹೇಳಿಕೊಳ್ಳುವಷ್ಟೇನೂ ಇಳಿಯಲಿಲ್ಲ. ಆದರೆ ತಮ್ಮ ವರದಿ ಎಲ್ಲೋ ಒಂದು ಡಿಸ್ಕ್‌ನಲ್ಲಿ ಬಿದ್ದಿತ್ತೆಂದು ಗೊತ್ತೇ ಇರದ ಬಹಳಷ್ಟು ಜನ ಈಗ ಆ ಲೆಕ್ಕದಲ್ಲಿ ಇಲ್ಲ.